ಕ್ಯಾನ್ಸರ್ ಮಾರ್ಕರ್ ಟೆಸ್ಟ್ ಜಾಸ್ತಿ ಆಯ್ತಾ? ಆಸ್ಪತ್ರೆಯ ಕಂಪ್ಯೂಟರ್‌ನಲ್ಲಿ ಹುಡುಕುವುದು ಹೇಗೆ

ಈ ಸಲ ನಾಲ್ಕು ಪ್ರಶ್ನೆ ಆರಿಸಿದ್ದೇವೆ. ನಾಲ್ಕೂ ರಕ್ತದಲ್ಲಿ ನೋಡುವ ಕ್ಯಾನ್ಸರ್ ಮಾರ್ಕರ್‌ಗಳ ಬಗ್ಗೆ. ಮಾರ್ಕರ್ ಅಂದರೆ ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ವಸ್ತು. ಮೊದಲನೆಯದು ಆಸ್ಪತ್ರೆಯೊಳಗೆ ಕೆಲಸ ಮಾಡುವವರದು, ಉಳಿದ ಮೂರು ರಿಪೋರ್ಟ್ ಕೈಯಲ್ಲಿ ಹಿಡಿದು ಕುಳಿತವರದು. ಉತ್ತರಿಸಿದವರು ಬೆಳಗಾವಿಯ ಕ್ಲಿನಿಕಲ್ ಬಯೋಕೆಮಿಸ್ಟ್ರಿ ತಜ್ಞರು.

ಪ್ರಶ್ನೆ: ನಾನು ಬೆಳಗಾವಿಯ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಚೀಟಿ, ರಿಪೋರ್ಟ್, ಬಿಲ್ ಎಲ್ಲವೂ ಈಗ ಕಂಪ್ಯೂಟರ್‌ನಲ್ಲೇ. ಅಂಡಾಶಯ, ದೊಡ್ಡ ಕರುಳು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ನೋಡುವ ಸಿಎ 125, ಸಿಇಎ, ಸಿಎ 19-9 ತರಹದ ಟೆಸ್ಟ್‌ಗಳನ್ನು ಬೇಕಾಬಿಟ್ಟಿ ಬರೆಯುತ್ತಿದ್ದಾರೆ ಎಂದು ಮೇಲಿನವರಿಗೆ ಅನುಮಾನ. "ಎಷ್ಟು ಟೆಸ್ಟ್ ಅನಗತ್ಯ ಅಂತ ಒಂದು ಲೆಕ್ಕ ತೆಗೆದುಕೊಡು" ಎಂದಿದ್ದಾರೆ. ನಾನು ಡಾಕ್ಟರ್ ಅಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅನುಮಾನದಲ್ಲಿ ಹುರುಳಿದೆ. ಈ ಟೆಸ್ಟ್‌ಗಳ ದುರ್ಬಳಕೆ ನಮ್ಮ ಕಡೆ ಮಾತ್ರ ಅಲ್ಲ, ಬೇರೆ ದೇಶಗಳಲ್ಲೂ ಇದೆ. ಆದರೆ ನಿಮ್ಮ ಮೇಲಿನವರು ಕೇಳಿದ ಲೆಕ್ಕ ಒಂದು ಬಟನ್ ಒತ್ತಿದರೆ ಬರುವಂಥದ್ದಲ್ಲ. ಟೆಸ್ಟ್ ಆಯಿತು ಅನ್ನುವುದು ದಾಖಲೆಯಲ್ಲಿ ಇರುತ್ತದೆ. ಯಾಕೆ ಆಯಿತು ಅನ್ನುವುದು ಬಹಳ ಸಲ ಇರುವುದೇ ಇಲ್ಲ. ನಿಮ್ಮ ಕೆಲಸದ ಮುಕ್ಕಾಲು ಪಾಲು ಆ "ಯಾಕೆ" ಹುಡುಕುವುದರಲ್ಲೇ ಹೋಗುತ್ತದೆ.

ಒಂದು ಉದಾಹರಣೆ ನೋಡಿ. ವೃಷಣದ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವ 26 ವರ್ಷದ ಹುಡುಗನಿಗೆ ಎಎಫ್‌ಪಿ, ಬೀಟಾ ಎಚ್‌ಸಿಜಿ ಎಂಬ ಮಾರ್ಕರ್‌ಗಳು ಪದೇ ಪದೇ ಆಗಿವೆ. ಎಣಿಸಿದರೆ ಅವನೇ ನಿಮ್ಮ ಪಟ್ಟಿಯಲ್ಲಿ ಮೇಲೆ ಬರುತ್ತಾನೆ. ಆದರೆ ಅವನಿಗೆ ಆದ ಒಂದು ಟೆಸ್ಟೂ ದಂಡ ಅಲ್ಲ, ಚಿಕಿತ್ಸೆ ನಡೆಯುವುದೇ ಆ ಸಂಖ್ಯೆ ನೋಡಿಕೊಂಡು. ಅದೇ ಹೊಟ್ಟೆನೋವು ಎಂದು ಬಂದ ಇನ್ನೊಬ್ಬರಿಗೆ ಸ್ಕ್ಯಾನಿಂಗ್‌ಗೂ ಮೊದಲೇ ಒಂದೇ ಒಂದು ಸಿಎ 19-9 ಬರೆದಿದ್ದಾರೆ. ಅದು ದಂಡ. ಪಿತ್ತಕೋಶದ ಕಲ್ಲು ನಾಳಕ್ಕೆ ಜಾರಿ ಕಾಮಾಲೆ ಆದರೂ ಅದು ಏರುತ್ತದೆ. ರಕ್ತದ ಗುಂಪಿನಲ್ಲಿ ಲೂಯಿಸ್ ಅನ್ನುವ ಅಂಶ ಇಲ್ಲದವರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದರೂ ಏರುವುದಿಲ್ಲ. ಅಂಥವರು ನೂರಕ್ಕೆ 5ರಿಂದ 10 ಜನ ಇದ್ದಾರೆ.

ಹಾಗಾಗಿ ಟೆಸ್ಟ್ ಎಣಿಸಬೇಡಿ, ರೋಗಿಯನ್ನು ಎಣಿಸಿ. ಒಬ್ಬ ರೋಗಿ, ಅವರ ಕಾಯಿಲೆ, ಅದರ ಒಂದು ಹಂತ: ಪತ್ತೆಗೆ ಮೊದಲಾ, ಚಿಕಿತ್ಸೆಯ ನಡುವೆಯಾ, ಮುಗಿದ ಮೇಲಾ? ಇದು ಗೊತ್ತಾದ ಮೇಲೆ ಮಾತ್ರ ಬೇಕಿತ್ತಾ ಬೇಡವಾಗಿತ್ತಾ ಅನ್ನುವ ಮಾತು.

ಮೊದಲ ತಲೆನೋವು ಹೆಸರುಗಳದ್ದು. ಒಂದೇ ಟೆಸ್ಟ್ ನಿಮ್ಮ ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ ನಾಲ್ಕೈದು ಹೆಸರಲ್ಲಿ ಕುಳಿತಿರುತ್ತದೆ. ಮಷೀನ್ ಬದಲಾದಾಗ ಒಂದು ಹೊಸ ಹೆಸರು, ಹೊರಗಿನ ಲ್ಯಾಬಿಗೆ ಕಳಿಸುವಾಗ ಇನ್ನೊಂದು. ಇನ್ನು "ಮಹಿಳೆಯರ ಹೆಲ್ತ್ ಪ್ಯಾಕೇಜ್" ಎಂದು ಬಿಲ್ ಆಗಿರುತ್ತದೆ, ಸಿಎ 125 ಅದರ ಹೊಟ್ಟೆಯೊಳಗೆ ಅಡಗಿರುತ್ತದೆ. ಬಿಲ್ ಮಾತ್ರ ನೋಡಿದರೆ ಸಿಗುವುದೇ ಇಲ್ಲ. ಎಲ್ಲವನ್ನೂ ಲಾಯಿಂಕ್ ಕೋಡ್‌ಗೆ ಜೋಡಿಸಿಕೊಳ್ಳಿ. ಲ್ಯಾಬ್ ಟೆಸ್ಟ್‌ಗಳಿಗೆ ಜಗತ್ತಿನಾದ್ಯಂತ ಬಳಸುವ ಕೋಡ್ ಅದು. ಕೇಂದ್ರ ಸರ್ಕಾರ 2016ರಲ್ಲಿ ಪರಿಷ್ಕರಿಸಿದ ಇಎಚ್‌ಆರ್ (ಕಂಪ್ಯೂಟರ್‌ನಲ್ಲಿಡುವ ರೋಗಿಯ ದಾಖಲೆ) ಮಾನದಂಡಗಳಲ್ಲೂ ಇದೆ. ಬೇಜಾರಿನ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಆಮೇಲೆ ಆರ್ಡರ್ ಎಣಿಸಬೇಡಿ, ಹೊರಗೆ ಹೋದ ರಿಪೋರ್ಟ್ ಎಣಿಸಿ. ಸ್ಯಾಂಪಲ್ ಹಾಳಾಗಿ ಮತ್ತೆ ತೆಗೆದದ್ದು, ಮೌಲ್ಯ ವಿಪರೀತ ಜಾಸ್ತಿ ಬಂದಾಗ ನಾವು ಲ್ಯಾಬ್‌ನವರು ರಕ್ತವನ್ನು ತೆಳು ಮಾಡಿ ಮತ್ತೆ ಓಡಿಸಿದ್ದು, ಇವೆಲ್ಲ ಎರಡು ಸಲ ದಾಖಲಾಗಿರುತ್ತವೆ. ಆ ಪಾಪ ಬರೆದ ಡಾಕ್ಟರ ತಲೆಗೆ ಬರಬಾರದಲ್ವಾ.

ಈಗ "ಯಾಕೆ" ವಿಷಯ. ರೋಗಕ್ಕೆ ಐಸಿಡಿ 10 ಕೋಡ್‌ಗಳಿವೆ. ಸ್ತನದ ಕ್ಯಾನ್ಸರ್ ಸಿ 50, ಅಂಡಾಶಯದ್ದು ಸಿ 56, ಪ್ರೋಸ್ಟೇಟ್ ಸಿ 61. ಹಿಂದೆ ಕ್ಯಾನ್ಸರ್ ಇತ್ತು ಅನ್ನುವುದಕ್ಕೆ ಝಡ್ 85, ತಪಾಸಣೆಗೆ ಬಂದವರಿಗೆ ಝಡ್ 12. ಅಡ್ಮಿಟ್ ಆದವರಿಗೆ ಎಮ್‌ಆರ್‌ಡಿ, ಅಂದರೆ ರೋಗಿಗಳ ದಾಖಲೆ ಇಡುವ ವಿಭಾಗದವರು ಇವನ್ನು ಹಾಕಿರುತ್ತಾರೆ. ಓಪಿಡಿಯಲ್ಲಿ ಯಾರು ಹಾಕುತ್ತಾರೆ? ಬಾಗಿಲಲ್ಲಿ ನಲವತ್ತು ಜನ ನಿಂತಿರುವಾಗ ಡಾಕ್ಟರ್ ಮೂರು ಪದ ಟೈಪ್ ಮಾಡುವುದೇ ಹೆಚ್ಚು. ಆಗ ನೀವು ಆ ಬರಹದೊಳಗೇ ಹುಡುಕಬೇಕು. ಇಲ್ಲಿ ಹುಷಾರು. ಡಾಕ್ಟರುಗಳು ಕ್ಯಾನ್ಸರ್‌ಗೆ "ಸಿಎ" ಎಂದು ಬರೆಯುತ್ತಾರೆ, ಕ್ಯಾಲ್ಸಿಯಮ್‌ಗೂ ಅದೇ ಎರಡು ಅಕ್ಷರ. ಸುಮ್ನೆ ಆ ಅಕ್ಷರ ಹುಡುಕಿದರೆ ಮೂಳೆ ಸವೆದ ಅಜ್ಜಿಯರೆಲ್ಲ ನಿಮ್ಮ ಕ್ಯಾನ್ಸರ್ ಪಟ್ಟಿಗೆ ಸೇರುತ್ತಾರೆ. "ಕ್ಯಾನ್ಸರ್ ಇರಬಹುದೇ", "ಕ್ಯಾನ್ಸರ್ ಇಲ್ಲ", "ತಾಯಿಗೆ ಕ್ಯಾನ್ಸರ್ ಇತ್ತು" ಇವು ಮೂರೂ ಬೇರೆ ಬೇರೆ. ಆದರೆ ಪದ ಹುಡುಕುವ ಪ್ರೋಗ್ರಾಮಿಗೆ ಮೂರೂ ಒಂದೇ. ಬಯಾಪ್ಸಿ ರಿಪೋರ್ಟ್ ಮತ್ತು ಕೀಮೋ ಔಷಧದ ಚೀಟಿ ಇವಕ್ಕಿಂತ ಗಟ್ಟಿ ಸಾಕ್ಷಿ. ಸಾಧ್ಯವಾದರೆ ಅವನ್ನು ನಂಬಿ.

ತಾರೀಖಿನ ಹಿಂದುಮುಂದನ್ನೂ ನೋಡಿ. ಟೆಸ್ಟ್ ದಿನ ಕ್ಯಾನ್ಸರ್ ಎಂದು ದಾಖಲೆ ಇಲ್ಲ, ಹತ್ತು ದಿನದ ಮೇಲೆ ಬಯಾಪ್ಸಿಯಲ್ಲಿ ಬಂತು ಅಂದರೆ ಆ ಟೆಸ್ಟ್ ಅನಗತ್ಯ ಎನ್ನಲಾಗದು. ಟೆಸ್ಟ್ ಆದ ದಿನದಿಂದ ಮುಂದೆ ಮೂರು ತಿಂಗಳ ದಾಖಲೆಯನ್ನೂ ನೋಡುವಂತೆ ನಿಯಮ ಇಡಿ.

ನಿಯಮಗಳು ಹೇಗಿರಬೇಕು? ನನ್ನ ಆಯ್ಕೆ ಹೀಗೆ. ಮೊದಲು ಸುಲಭದ್ದು: ಹೆಂಗಸರಿಗೆ ಗಂಡಸರ ಪ್ರೋಸ್ಟೇಟ್ ಗ್ರಂಥಿಗೆ ನೋಡುವ ಪಿಎಸ್‌ಎ, ಗಂಡಸರಿಗೆ ಅಂಡಾಶಯದ ಸಿಎ 125. ಇದು ನಗೆಪಾಟಲು ಅನ್ನಿಸಬಹುದು, ಆದರೆ ನಡೆಯುತ್ತದೆ. ಪರದೆ ಮೇಲೆ "ಟ್ಯೂಮರ್ ಮಾರ್ಕರ್ ಪ್ಯಾನೆಲ್" ಎಂದು ಒಂದು ಚೌಕ ಇರುತ್ತದೆ. ಒಂದು ಟಿಕ್ ಹಾಕಿದರೆ ಸಿಇಎ, ಎಎಫ್‌ಪಿ, ಸಿಎ 125, ಸಿಎ 19-9, ಸಿಎ 15-3, ಪಿಎಸ್‌ಎ ಎಲ್ಲ ಸಾಲಾಗಿ ಹೋಗುತ್ತವೆ. (ಎಣಿಸುವ ಮೊದಲು ರಿಜಿಸ್ಟ್ರೇಷನ್‌ನಲ್ಲಿ ಗಂಡು ಹೆಣ್ಣು ತಪ್ಪಾಗಿ ನಮೂದಾಗಿಲ್ಲವೇ ನೋಡಿಕೊಳ್ಳಿ. ಅದೂ ಸಾಕಷ್ಟು ಇರುತ್ತದೆ.)

ಎರಡನೆಯದು, ಕ್ಯಾನ್ಸರ್ ದಾಖಲೆ ಇಲ್ಲದವರಿಗೆ ಒಂದೇ ದಿನ ಮೂರು ಅಥವಾ ಹೆಚ್ಚು ಮಾರ್ಕರ್. ಇದು ಹೆಚ್ಚೂಕಡಿಮೆ ಯಾವಾಗಲೂ ಕತ್ತಲಲ್ಲಿ ಕಲ್ಲು ಹೊಡೆದಂತೆ. ಲೆಕ್ಕ ಹಾಕಿ ನೋಡಿ. ಒಂದೊಂದು ಟೆಸ್ಟಿನಲ್ಲೂ ಆರೋಗ್ಯವಂತರ ಪೈಕಿ ನೂರಕ್ಕೆ 5 ಜನ ಗೆರೆ ದಾಟುತ್ತಾರೆ ಅಂದುಕೊಳ್ಳೋಣ. ಆರು ಟೆಸ್ಟ್ ಒಟ್ಟಿಗೆ ಮಾಡಿದರೆ ನೂರಕ್ಕೆ ಸುಮಾರು 26 ಜನರ ರಿಪೋರ್ಟಿನಲ್ಲಿ ಒಂದಾದರೂ ಕೆಂಪು ಗುರುತು ಬರುತ್ತದೆ. ಏನೂ ಕಾಯಿಲೆ ಇಲ್ಲದವರಲ್ಲಿ!

ಮೂರನೆಯದು, ತೀರಾ ಬೇಗ ಮತ್ತೆ ಮಾಡಿದ್ದು. ಸಿಎ 125 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಒಂದು ವಾರದ ಹತ್ತಿರ ಬೇಕು. ಮೂರು ದಿನಕ್ಕೆ ಮತ್ತೆ ನೋಡಿದರೆ ಹೊಸದಾಗಿ ಏನೂ ತಿಳಿಯುವುದಿಲ್ಲ. ಕೀಮೋ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಆದ್ದರಿಂದ 21 ದಿನಕ್ಕಿಂತ ಕಡಿಮೆ ಅಂತರವನ್ನು ಗುರುತು ಹಾಕಿ. ಆದರೆ ಎಚ್‌ಸಿಜಿ ಒಂದು ಒಂದೂವರೆ ದಿನಕ್ಕೇ ಅರ್ಧ ಆಗುತ್ತದೆ. ಮುತ್ತು ಗರ್ಭ (ಮಗು ಬೆಳೆಯದೆ ದ್ರಾಕ್ಷಿ ಗೊಂಚಲಿನಂಥ ಗಡ್ಡೆಯಾಗುವ ಬಸಿರು) ತೆಗೆಸಿಕೊಂಡವರಿಗೆ ವಾರಕ್ಕೊಮ್ಮೆ ನೋಡಲೇಬೇಕು. ಅವರನ್ನೂ ವೃಷಣದ ಕ್ಯಾನ್ಸರ್‌ನವರನ್ನೂ ಈ ನಿಯಮದಿಂದ ಹೊರಗಿಡಿ.

ಇವುಗಳ ನಡುವೆ ಒಂದು ದೊಡ್ಡ ಬೂದು ಜಾಗ ಇದೆ. ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಆರಾಮಾಗಿರುವವರಿಗೆ ಮೂರು ತಿಂಗಳಿಗೊಮ್ಮೆ ಸಿಎ 125 ಬೇಕೇ? 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಮಾರ್ಕರ್ ಏರಿದ ಕೂಡಲೇ ಕೀಮೋ ಶುರು ಮಾಡಿದವರು, ತೊಂದರೆ ಕಾಣಿಸಿದ ಮೇಲೆ ಶುರು ಮಾಡಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಹಾಗಿದ್ದೂ ಬಹಳಷ್ಟು ಡಾಕ್ಟರುಗಳು ಇದನ್ನು ಬರೆಯುತ್ತಾರೆ, ಬಹಳಷ್ಟು ರೋಗಿಗಳು ಕೇಳಿ ಮಾಡಿಸಿಕೊಳ್ಳುತ್ತಾರೆ. ಇಂಥದ್ದನ್ನು "ಅನಗತ್ಯ" ಎಂದು ಪಟ್ಟಿಗೆ ತಳ್ಳುವ ಅಧಿಕಾರ ನಿಮ್ಮ ಸಾಫ್ಟ್‌ವೇರಿಗೆ ಬೇಡ. ಮೇಲಿನವರಿಗೆ ಒಂದು ಸಂಖ್ಯೆ ಕೊಡುವ ಬದಲು ಮೂರು ಕೊಡಿ: ಸರಿಯಾದದ್ದು, ಸರಿಯಲ್ಲದ್ದು, ಡಾಕ್ಟರುಗಳು ಕುಳಿತು ಮಾತಾಡಬೇಕಾದದ್ದು.

ನಿಮ್ಮ ನಿಯಮ ಹಿಡಿದು ತಂದವರಲ್ಲಿ ನೂರು ಜನರ ಫೈಲನ್ನು ಚೀಟಿ ಎತ್ತಿ ಆರಿಸಿ. ನಿಯಮ ಬಿಟ್ಟುಬಿಟ್ಟವರಲ್ಲೂ ನೂರು. ಇಬ್ಬರು ಡಾಕ್ಟರುಗಳು ಒಬ್ಬರಿಗೊಬ್ಬರು ಹೇಳದೆ ಓದಲಿ. ಅವರಿಬ್ಬರಲ್ಲೇ ಹೊಂದಾಣಿಕೆ ಆಗದಿದ್ದರೆ ನಿಯಮದಲ್ಲಿ ತಕರಾರಿದೆ ಎಂದರ್ಥ. ಈ ಹೆಜ್ಜೆ ಬಿಟ್ಟು ವರದಿ ಕೊಟ್ಟರೆ ಮೊದಲ ಮೀಟಿಂಗ್‌ನಲ್ಲೇ ಸರ್ಜನ್ ಒಬ್ಬರು ಎದ್ದು ನಿಂತು ಮೂರು ತಪ್ಪು ತೋರಿಸುತ್ತಾರೆ. ವರದಿ ಅಲ್ಲಿಗೇ ಸತ್ತಂತೆ.

ನಮ್ಮ ಭಾಗಕ್ಕೇ ಸೇರಿದ ಒಂದು ತೊಡಕು ಇದೆ. ಅಥಣಿ, ರಾಯಬಾಗ, ಜಮಖಂಡಿ ಕಡೆಯವರು ಮೀರಜ್‌ಗೆ ಹೋಗುತ್ತಾರೆ. ವಿಜಯಪುರದವರಿಗೆ ಸೊಲ್ಲಾಪುರ ಹತ್ತಿರ. ಉಳಿದವರು ಹುಬ್ಬಳ್ಳಿ, ಕೆಲವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಪ್ಲಾಸ್ಟಿಕ್ ಚೀಲದಲ್ಲಿ ಮೂರು ಊರಿನ ಕಾಗದ, ಒಂದು ಮರಾಠಿ ಚೀಟಿ, ಮಡಚಿ ಮಡಚಿ ಹರಿದ ಸ್ಕ್ಯಾನ್ ಫಿಲ್ಮ್. ಇದ್ಯಾವುದೂ ನಿಮ್ಮ ಕಂಪ್ಯೂಟರ್‌ಗೆ ಗೊತ್ತಿಲ್ಲ. ಮೀರಜ್‌ನಲ್ಲಿ ಹೋದ ವಾರ ಆದ ಸಿಇಎ ಇಲ್ಲಿ ಮತ್ತೆ ಆಗುತ್ತದೆ, ನಿಮ್ಮ ಲೆಕ್ಕದಲ್ಲಿ ಅದು ಮೊದಲನೇ ಟೆಸ್ಟ್. ಅಂದರೆ ನಿಮಗೆ ಸಿಗುವ ಸಂಖ್ಯೆ ನಿಜಕ್ಕಿಂತ ಕಡಿಮೆಯೇ ಇರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಆಭಾ (ಆರೋಗ್ಯ ಖಾತೆ) ಸಂಖ್ಯೆ ಇರುವುದೇ ಇಂಥ ದಾಖಲೆಗಳನ್ನು ಜೋಡಿಸಲಿಕ್ಕೆ. ಎರಡೂ ಕಡೆಯವರು ಜೋಡಿಸಿದ್ದರೆ, ರೋಗಿ ಒಪ್ಪಿದರೆ, ಹಳೇ ರಿಪೋರ್ಟ್ ಕಾಣುತ್ತದೆ. ಅಲ್ಲಿಯತನಕ ನೋಂದಣಿ ಕೌಂಟರ್‌ನಲ್ಲೇ ಹೊರಗಿನ ರಿಪೋರ್ಟ್ ಸ್ಕ್ಯಾನ್ ಮಾಡಿ ಫೈಲಿಗೆ ಹಾಕಿಸಿ.

ಲೆಕ್ಕ ಬಂತು, ಮುಂದೇನು? ಡಾಕ್ಟರುಗಳ ಹೆಸರು ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. ವಿಭಾಗವಾರು ಕೊಡಿ. ಪ್ಯಾನೆಲ್ ಚೌಕ ಇದ್ದರೆ ತೆಗೆದುಬಿಡಿ, ಒಂದೊಂದನ್ನೂ ಬೇರೆ ಆರಿಸಲಿ. ನನ್ನ ಮಟ್ಟಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಪರಿಣಾಮದ ಔಷಧ ಇಲ್ಲ. ಆರ್ಡರ್ ಮಾಡುವಾಗ ಕಾರಣ ಆರಿಸುವ ಒಂದೇ ಒಂದು ಸಾಲು ಇರಲಿ. ಮುಂದಿನ ವರ್ಷದ ನಿಮ್ಮ ಲೆಕ್ಕವೂ ಅದರಿಂದಲೇ ಹಗುರವಾಗುತ್ತದೆ. ಎಚ್ಚರಿಕೆಯ ಕಿಟಕಿಗಳನ್ನು ಮಾತ್ರ ಜಾಸ್ತಿ ಹಾಕಬೇಡಿ. ದಿನಕ್ಕೆ ಮೂವತ್ತು ಸಲ ಎದ್ದು ಬಂದರೆ ಯಾರೂ ಓದುವುದಿಲ್ಲ, "ಓಕೆ" ಒತ್ತಿ ಮುಂದೆ ಹೋಗುತ್ತಾರೆ.

ಇನ್ನೊಂದು ತಪ್ಪಬಾರದು. ಕಡಿಮೆ ಆದದ್ದನ್ನೂ ಎಣಿಸಿ. ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದವರಿಗೆ ಮೊದಲ ಕೆಲ ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಇಎ ಬೇಕು. ಎಷ್ಟು ಜನರಿಗೆ ಆಗಿದೆ? ವೃಷಣದ ಗಡ್ಡೆ ತೆಗೆಯುವ ಮೊದಲು ಎಎಫ್‌ಪಿ, ಎಚ್‌ಸಿಜಿ ಕಳಿಸಿದ್ದಾರಾ? ಬೇಡದ ಕಡೆ ಹತ್ತು ಟೆಸ್ಟ್, ಬೇಕಾದ ಕಡೆ ಸೊನ್ನೆ. ಇವೆರಡೂ ಒಂದೇ ಆಸ್ಪತ್ರೆಯಲ್ಲಿ ಸಿಗುತ್ತವೆ. ಹಾಗೆಯೇ ಹೆಸರು, ಫೋನ್ ನಂಬರ್ ತೆಗೆದ ದತ್ತಾಂಶದ ಮೇಲೆಯೇ ಕೆಲಸ ಮಾಡಿ, ಎಥಿಕ್ಸ್ ಕಮಿಟಿಗೆ ಮೊದಲೇ ತಿಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ ಅನ್ನುವುದು ನೆನಪಿರಲಿ.

ಪ್ರಶ್ನೆ: ನನಗೆ 38 ವರ್ಷ, ಊರು ರಬಕವಿ. ಮಗ್ಗದ ಕೆಲಸ. ಕ್ಯಾಂಪ್‌ನಲ್ಲಿ ಕಡಿಮೆ ರೇಟಿಗೆ ಫುಲ್ ಬಾಡಿ ಚೆಕಪ್ ಮಾಡಿಸಿದೆ. ಸಿಎ 125 ಟೆಸ್ಟಿನಲ್ಲಿ 52 ಬಂದಿದೆ, 35ರ ಒಳಗೆ ಇರಬೇಕಂತೆ. ಮನೆಯವರೆಲ್ಲ ಕ್ಯಾನ್ಸರ್ ಎಂದು ಅಳುತ್ತಿದ್ದಾರೆ. ರಕ್ತ ಕೊಟ್ಟ ದಿನ ಮುಟ್ಟಾಗಿದ್ದೆ. ತೊಂದರೆ ಏನೂ ಇಲ್ಲ.

ಉತ್ತರ: ಅಳು ನಿಲ್ಲಿಸಿ ಅನ್ನಿ. ಮುಟ್ಟಿನ ದಿನಗಳಲ್ಲಿ ಸಿಎ 125 ಏರುವುದು ಮಾಮೂಲು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು), ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ, ಹೊಟ್ಟೆಯೊಳಗಿನ ಸೋಂಕು, ಬಸಿರು, ಲಿವರ್ ಕಾಯಿಲೆ, ಇವೆಲ್ಲದರಲ್ಲೂ ಏರುತ್ತದೆ. ನಮ್ಮ ದೇಶದಲ್ಲಿ ಹೊಟ್ಟೆಯ ಟಿಬಿ ಇದರಲ್ಲಿ ದೊಡ್ಡದು. ಹೊಟ್ಟೆಯಲ್ಲಿ ನೀರು, ತೂಕ ಇಳಿತ, ಸಿಎ 125 ನೂರಾರು. ನೋಡಿದರೆ ಅಂಡಾಶಯದ ಕ್ಯಾನ್ಸರ್‌ನಂತೆಯೇ ಇರುತ್ತದೆ. ಬಯಾಪ್ಸಿ ಮಾಡಿದರೆ ಟಿಬಿ, ಮಾತ್ರೆಯಲ್ಲಿ ಗುಣ ಆಗುತ್ತದೆ. ಹೀಗಾಗಿಯೇ ಸಂಖ್ಯೆ ಒಂದನ್ನೇ ಹಿಡಿದು ಕ್ಯಾನ್ಸರ್ ಎನ್ನಬಾರದು.

ತೊಂದರೆಯಿಲ್ಲದ ಹೆಂಗಸರಿಗೆ ಇದನ್ನು ಮಾಡಿ ಸಾವು ತಪ್ಪಿಸಬಹುದೇ ಎಂದು ಬ್ರಿಟನ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನೋಡಿದರು. ಅವರೆಲ್ಲ ಮುಟ್ಟು ನಿಂತವರು. 2021ರಲ್ಲಿ ಬಂದ ಉತ್ತರ: ಅಂಡಾಶಯದ ಕ್ಯಾನ್ಸರ್ ಸಾವು ಕಡಿಮೆಯಾಗಲಿಲ್ಲ. ನಿಮ್ಮ ವಯಸ್ಸಿನಲ್ಲಿ, ತಿಂಗಳು ತಿಂಗಳು ಮುಟ್ಟಾಗುವಾಗ, ಅದರ ಉಪಯೋಗ ಇನ್ನೂ ಕಡಿಮೆ.

ಒಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಒಂದು ಅಲ್ಟ್ರಾಸೌಂಡ್ ಮಾಡಿಸಿ. ಮತ್ತೆ ನೋಡಲೇಬೇಕು ಎಂದು ಅವರು ಹೇಳಿದರೆ ಆ ತಿಂಗಳ ಮುಟ್ಟು ಮುಗಿದ ಮೇಲೆ ರಕ್ತ ಕೊಡಿ. ವಾರಗಟ್ಟಲೆ ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು ಬಂದರೆ ಮಾತ್ರ ತಡ ಮಾಡಬೇಡಿ. ತಾಯಿ, ಅಕ್ಕತಂಗಿಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಇನ್ನು ಚೆಕಪ್ ಬೇಕೇ ಬೇಕು ಅನ್ನಿಸಿದರೆ, 30 ದಾಟಿದವರಿಗೆ ಸರ್ಕಾರ ಹೇಳುವ ಮೂರು ಕ್ಯಾನ್ಸರ್ ತಪಾಸಣೆಗಳಿವೆ: ಬಾಯಿ, ಸ್ತನ, ಗರ್ಭಕೋಶದ ಕಂಠ. ಮೂರರಲ್ಲೂ ರಕ್ತ ತೆಗೆಯುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಕೇಳಿ, ದುಡ್ಡೂ ಬೇಡ.

ಪ್ರಶ್ನೆ: ನಮ್ಮ ತಂದೆಗೆ 74, ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕು. ಮೂತ್ರ ಕಟ್ಟಿ ಪೈಪ್ ಹಾಕಿದರು. ಮರುದಿನ ಪಿಎಸ್‌ಎ 14 ಬಂತು. ನಾಲ್ಕಕ್ಕಿಂತ ಕಡಿಮೆ ಇರಬೇಕಂತೆ. ಬಯಾಪ್ಸಿ ಮಾಡಿಸೋಣವೇ?

ಉತ್ತರ: ಈಗಲೇ ಬೇಡ, ಯೂರಾಲಜಿ ಡಾಕ್ಟರ್ ಪರೀಕ್ಷೆ ಮಾಡಿ ಅನುಮಾನ ಪಟ್ಟರೆ ಬೇರೆ ಮಾತು. ಮೂತ್ರ ಕಟ್ಟಿದರೆ, ಪೈಪ್ ಹಾಕಿದರೆ, ಸೋಂಕಾದರೆ ಪಿಎಸ್‌ಎ ಹಾರುತ್ತದೆ. ವಯಸ್ಸಿಗೆ ಬರುವ ಪ್ರೋಸ್ಟೇಟ್ ಊತದಲ್ಲೂ ಜಾಸ್ತಿಯೇ. ಸೋಂಕು ವಾಸಿಯಾಗಿ ಆರೆಂಟು ವಾರ ಕಳೆದ ಮೇಲೆ ನೋಡಿದರೆ ಆ ಸಂಖ್ಯೆಗೆ ಒಂದು ಬೆಲೆ. ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ಆರು ತಿಂಗಳಿಂದ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಅವು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ತೊಂದರೆ ಇಲ್ಲದ 70 ದಾಟಿದವರಿಗೆ ಸುಮ್ನೆ ತಪಾಸಣೆಗೆ ಪಿಎಸ್‌ಎ ಬೇಡ ಎಂದು ಅಮೆರಿಕದ ತಜ್ಞ ಮಂಡಳಿ 2018ರಲ್ಲೇ ಹೇಳಿದೆ. ನಿಮ್ಮ ತಂದೆಗೆ ಬೆನ್ನು, ಸೊಂಟದ ಮೂಳೆ ನೋವು ಇದ್ದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ, ಬೇಗ ತೋರಿಸಿ.

ಪ್ರಶ್ನೆ: ಅಥಣಿಯಿಂದ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಸ್ತನದ ಕ್ಯಾನ್ಸರ್ ಚಿಕಿತ್ಸೆ ಮುಗಿದು ಎರಡು ವರ್ಷ. ಆರಾಮಿದ್ದಾಳೆ. ಮೂರು ತಿಂಗಳಿಗೊಮ್ಮೆ ಸಿಎ 15-3 ಮಾಡಿಸುತ್ತೇವೆ. ಒಮ್ಮೆ ಮೀರಜ್‌ನಲ್ಲಿ, ಒಮ್ಮೆ ಬೆಳಗಾವಿಯಲ್ಲಿ. 19 ಇದ್ದದ್ದು ಈಗ 27. ಏರುತ್ತಿದೆಯಾ?

ಉತ್ತರ: ಎರಡು ಬೇರೆ ಲ್ಯಾಬ್, ಬಹುಶಃ ಎರಡು ಬೇರೆ ಕಂಪನಿಯ ಕಿಟ್. ಒಂದೇ ರಕ್ತವನ್ನು ಎರಡರಲ್ಲೂ ಓಡಿಸಿದರೆ ಎರಡು ಸಂಖ್ಯೆ ಬರಬಹುದು. ಆ ಎರಡನ್ನು ಒಂದೇ ಗೆರೆಯಲ್ಲಿ ಇಟ್ಟು ಏರಿತು ಎನ್ನಲಾಗದು. ಅದಕ್ಕಿಂತ ದೊಡ್ಡ ಮಾತು: ಸ್ತನದ ಕ್ಯಾನ್ಸರ್‌ಗೆ ಪೂರ್ತಿ ಗುಣಪಡಿಸುವ ಚಿಕಿತ್ಸೆ ಆಗಿ, ತೊಂದರೆ ಇಲ್ಲದೆ ಇರುವವರಿಗೆ ಮಾರ್ಕರ್ ಟೆಸ್ಟ್ ಬೇಡ ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2012ರಲ್ಲೇ ತನ್ನ "ಮಾಡಬೇಡಿ" ಪಟ್ಟಿಯಲ್ಲಿ ಹಾಕಿದೆ. ಆ ದುಡ್ಡಿನಲ್ಲಿ ವರ್ಷಕ್ಕೊಂದು ಮ್ಯಾಮೊಗ್ರಾಮ್ ತಪ್ಪಿಸಬೇಡಿ, ಡಾಕ್ಟರು ಹೇಳಿದ ದಿನ ಕೈಯಿಂದ ಮಾಡುವ ಪರೀಕ್ಷೆ ತಪ್ಪಿಸಬೇಡಿ, ಮಾತ್ರೆ ಕೊಟ್ಟಿದ್ದರೆ ಒಂದು ದಿನವೂ ಬಿಡಬೇಡಿ. ಹೊಸ ಗಂಟು, ಬಿಡದ ಕೆಮ್ಮು, ಮೂಳೆ ನೋವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ.

ನಿಮ್ಮ ಡಾಕ್ಟರ್ ಏನೋ ಕಾರಣಕ್ಕೆ ಟೆಸ್ಟ್ ಬೇಕೇ ಬೇಕು ಎಂದರೆ ಆ ಕಾರಣ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೇ ರಿಪೋರ್ಟ್ ಎಲ್ಲವೂ ಜೊತೆಗಿರಲಿ.